ಐಸಿಡಿಯ ಕೆಪಾಸಿಟರ್ ತಯಾರಿಕೆಯಲ್ಲಿ ನಿಜವಾದ ಕಷ್ಟ ಎಲ್ಲಿದೆ?

ಕ್ಯಾಮೆರಾ ಫ್ಲ್ಯಾಶಿನ ಕೆಪಾಸಿಟರುಗಳನ್ನು ಅಗ್ಗವಾಗಿ ತಯಾರಿಸುವ ಕಾರ್ಖಾನೆಗಳಿಗೆ, ಹೃದಯದ ಬಡಿತ ಅಪಾಯಕರವಾಗಿ ತಪ್ಪಿದಾಗ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸಲು ಎದೆಯೊಳಗೆ ಅಳವಡಿಸುವ ಡಿಫಿಬ್ರಿಲೇಟರಿಗೆ, ಅಂದರೆ ಐಸಿಡಿಗೆ, ಬೇಕಾದ ಕೆಪಾಸಿಟರನ್ನು ತಯಾರಿಸುವುದು ಏಕೆ ಕಷ್ಟವೆಂದು ಕೇಳಿದ್ದೀರಿ. ನಾನು ಆನೋಡ್ ಫಾಯಿಲ್ (ಕೆಪಾಸಿಟರಿನ ಧನ ಧ್ರುವವಾಗುವ ತೆಳು ಅಲ್ಯೂಮಿನಿಯಂ ಹಾಳೆ) ವಿಭಾಗದಲ್ಲಿ ಕೆಲಸ ಮಾಡಿದವನಾದ್ದರಿಂದ ಆ ಕಡೆಯಿಂದಲೇ ಉತ್ತರಿಸುತ್ತೇನೆ. ಅಂದಹಾಗೆ, ಆರಂಭದ ಐಸಿಡಿಗಳಲ್ಲಿ ಇದ್ದದ್ದು ಫ್ಲ್ಯಾಶ್ ಕೆಪಾಸಿಟರಿನ ಜಾತಿಯ ದುಂಡನೆಯ ಕೆಪಾಸಿಟರುಗಳೇ. ತೆಳು ಹಾಳೆಗಳನ್ನು ಒಂದರ ಮೇಲೊಂದು ಪೇರಿಸುವ ಚಪ್ಪಟೆ ವಿನ್ಯಾಸ ಆಮೇಲೆ ಬಂದಿತು.

ಸುಮಾರು 3 ವೋಲ್ಟಿನ ಬ್ಯಾಟರಿಯಿಂದ ಹತ್ತು ಸೆಕೆಂಡುಗಳ ಆಸುಪಾಸಿನಲ್ಲಿ 700–800 ವೋಲ್ಟಿನವರೆಗೆ ಚಾರ್ಜ್ ಆಗಿ, 30ರಿಂದ 40 ಜೂಲ್ ಶಕ್ತಿಯನ್ನು ಕೂಡಿಟ್ಟುಕೊಳ್ಳುವುದು ಈ ಕೆಪಾಸಿಟರಿನ ಕೆಲಸ. ಸಾಮಾನ್ಯವಾಗಿ 400 ವೋಲ್ಟಿನ ಎರಡನ್ನು ಸರಣಿಯಲ್ಲಿ ಜೋಡಿಸುತ್ತಾರೆ. ಒಟ್ಟು ಕೆಪಾಸಿಟನ್ಸ್, ಅಂದರೆ ಚಾರ್ಜ್ ಹಿಡಿದಿಡುವ ಸಾಮರ್ಥ್ಯ, 100 ಮೈಕ್ರೋಫ್ಯಾರಡ್ ಇದ್ದರೆ 800 ವೋಲ್ಟಿನಲ್ಲಿ 32 ಜೂಲ್ ಸಿಗುತ್ತದೆ. ಇಷ್ಟನ್ನು ಅಂಗೈಗಿಂತ ಚಿಕ್ಕದಾದ ಸಾಧನದ ಒಂದು ಭಾಗದಲ್ಲಿ ಅಡಕ ಮಾಡಬೇಕಾಗಿರುವುದರಿಂದ ಫಾಯಿಲಿನ ಮೇಲ್ಮೈಯನ್ನು ಹಲವು ಪಟ್ಟು ಹೆಚ್ಚಿಸದೆ ದಾರಿಯಿಲ್ಲ.

ಕಷ್ಟ ಶುರುವಾಗುವುದು ಇಲ್ಲಿಂದ. ಶೇಕಡಾ 99.99ರಷ್ಟು ಶುದ್ಧವಾದ ಅಲ್ಯೂಮಿನಿಯಂ ಫಾಯಿಲನ್ನು ಮೊದಲು ಅನೀಲ್ ಮಾಡಿ, ಅಂದರೆ ಕಾಯಿಸಿ ಹದಗೊಳಿಸಿ, ಅದರ ಹರಳುಗಳ ಘನಾಕೃತಿಯ ಮುಖಗಳು ಮೇಲ್ಮೈಗೆ ಸಮಾನಾಂತರವಾಗಿ ನಿಲ್ಲುವಂತೆ ಮಾಡಲಾಗುತ್ತದೆ. ಆಗ ಕ್ಲೋರೈಡ್ ಇರುವ ಬಿಸಿ ದ್ರಾವಣದಲ್ಲಿ ವಿದ್ಯುತ್ ಹಾಯಿಸಿದರೆ, ಒಂದು ಚದರ ಸೆಂಟಿಮೀಟರಿನಲ್ಲಿ ಕೋಟಿಗೂ ಮಿಗಿಲಾದ ಸೂಕ್ಷ್ಮ ಸುರಂಗಗಳು ನೇರವಾಗಿ ಒಳಕ್ಕೆ ಕೊರೆದುಕೊಳ್ಳುತ್ತವೆ. ಬಳಿಕ ಆ ಸುರಂಗಗಳ ಗೋಡೆಯ ಮೇಲೆ ವಿದ್ಯುತ್ತನ್ನು ತಡೆಯುವ ಆಕ್ಸೈಡ್ ಪದರವನ್ನು ಬೆಳೆಸಬೇಕು. ಪ್ರತಿ ವೋಲ್ಟಿಗೆ ಒಂದು ನ್ಯಾನೋಮೀಟರಿಗಿಂತ ತುಸು ಹೆಚ್ಚು ದಪ್ಪ ಬೇಕಾಗುವುದರಿಂದ, ಸುರಂಗವು ಕಿರಿದಾಗಿದ್ದರೆ ಬೋರ್‌ವೆಲ್ ನೀರಿನ ಉಪ್ಪು ಕಟ್ಟಿದ ಪೈಪಿನಂತೆ ಮುಚ್ಚಿಹೋಗಿ ಎಲೆಕ್ಟ್ರೋಲೈಟ್, ಅಂದರೆ ವಿದ್ಯುತ್ ಹಾಯಿಸುವ ದ್ರವ, ಒಳಗೆ ಇಳಿಯುವುದೇ ಇಲ್ಲ. ಅಗಲವಾಗಿದ್ದರೆ ಸುರಂಗಗಳ ಸಂಖ್ಯೆ ಕಡಿಮೆಯಾಗಿ ಕೆಪಾಸಿಟನ್ಸ್ ಕುಸಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಇಡೀ ಕಸುಬು ಈ ಎರಡರ ನಡುವಣ ಸಣ್ಣ ಅಂತರದಲ್ಲಿದೆ.

ಹೀಗೆ ಕೊರೆದ ಫಾಯಿಲ್ ಬಲು ಪೆಡಸಾಗಿರುತ್ತದೆ. ಅಚ್ಚಿನಿಂದ ಕತ್ತರಿಸುವಾಗ ಅಂಚಿನಲ್ಲಿ ಏಳುವ ಒಂದು ಮುಳ್ಳು ಪದರಗಳ ನಡುವಿನ ಕಾಗದವನ್ನು ಚುಚ್ಚಿ ಶಾರ್ಟ್ ಮಾಡಬಲ್ಲದು. ಕತ್ತರಿಸಿದ ಅಂಚಿನಲ್ಲಿ ಆಕ್ಸೈಡ್ ಇಲ್ಲದ ಬರಿಯ ಲೋಹವೂ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಜೋಡಣೆಯಾದ ಮೇಲೆ ಬಿಸಿಯಲ್ಲಿ ಮೆಲ್ಲಗೆ ವೋಲ್ಟೇಜ್ ಏರಿಸಿ ಅಂಚುಗಳ ಮೇಲೆ ಆಕ್ಸೈಡನ್ನು ಮತ್ತೆ ಬೆಳೆಸಲಾಗುತ್ತದೆ. ಕೊರೆಯಲು ಬಳಸಿದ ಕ್ಲೋರೈಡ್ ಕಣಮಾತ್ರ ಉಳಿದರೂ ಮುಂದೆ ತುಕ್ಕು ಹಿಡಿಸುತ್ತದೆ. ಹಾಗಾಗಿ ತೊಳೆಯುವ ಹಂತದಲ್ಲಿ ಆತುರ ಸಲ್ಲದು.

ಫ್ಲ್ಯಾಶ್ ಕೆಪಾಸಿಟರಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಇದು ತಿಂಗಳುಗಟ್ಟಲೆ ಸುಮ್ಮನಿದ್ದು ಕರೆದ ಕ್ಷಣದಲ್ಲಿ ತಡಮಾಡದೆ ಚಾರ್ಜ್ ಆಗಬೇಕು. ಬಳಸದಿದ್ದಾಗ ಆಕ್ಸೈಡ್ ನಿಧಾನವಾಗಿ ಹದಗೆಡುತ್ತದೆ. ಆಗ ವಿದ್ಯುತ್ ಸೋರಿಕೆ ಹೆಚ್ಚಿ ಚಾರ್ಜ್ ಆಗುವ ಸಮಯ ಲಂಬಿಸುತ್ತದೆ. ಇದನ್ನು ಸರಿಪಡಿಸಲು ಸಾಧನವೇ ಕೆಲವು ತಿಂಗಳಿಗೊಮ್ಮೆ ಕೆಪಾಸಿಟರನ್ನು ಪೂರ್ತಿ ಚಾರ್ಜ್ ಮಾಡಿಕೊಳ್ಳುತ್ತದೆಯಾದರೂ, ಪ್ರತಿ ಬಾರಿಯೂ ಬ್ಯಾಟರಿ ಸವೆಯುತ್ತದೆ. ಟ್ಯಾಂಟಲಮ್ ಕೆಪಾಸಿಟರಿನಲ್ಲಿ ಈ ತೊಂದರೆ ಕಡಿಮೆ, ಆದರೆ ಒಂದೊಂದರ ವೋಲ್ಟೇಜ್ ಕಡಿಮೆಯಿರುವುದರಿಂದ ಮೂರು ನಾಲ್ಕನ್ನು ಸರಣಿಯಲ್ಲಿ ಜೋಡಿಸಬೇಕಾಗುತ್ತದೆ, ಲೋಹವೂ ದುಬಾರಿ.