ಪಿಂಗ್ ಹೋಗುತ್ತದೆ, ಡೇಟಾ ಬರುವುದಿಲ್ಲ

ಪರ್ತ್‌ಗೆ ಬಂದು ಆರು ವಾರ ಆಯಿತು, ರೇಡಿಯೊ ದೂರದರ್ಶಕದ ಬೋರ್ಡ್ ಕೈಗೆ ಕೊಟ್ಟಿದ್ದಾರೆ, ಪಿಂಗ್ (ಸಂಪರ್ಕ ಇದೆಯೇ ಎಂದು ನೋಡಲು ಕಳಿಸುವ ಪುಟ್ಟ ಸಂದೇಶ) ಹೋಗುತ್ತದೆ, ಡೇಟಾ ಮಾತ್ರ ಬರುತ್ತಿಲ್ಲ, ಬೋರ್ಡಿಗೆ ತಾಳ ಹಾಕುವ ಕ್ಲಾಕ್ ಮೇಲೂ ಅನುಮಾನ, ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೇನೋ ಎಂಬ ಭಯ ಎಂದಿದ್ದೀರಿ. ಇಲ್ಲಿನ ಬದುಕು ಹೀಗೇನಾ ಎಂದೂ ಕೇಳಿದ್ದೀರಿ. ನನಗೂ ಮೊದಲ ವರ್ಷ ಇದೇ ಭಯ ಇತ್ತು.

ಮೊದಲು ಕ್ಲಾಕ್ ನೋಡಿ. ಅದು ಸರಿ ಎಂದು ಗೊತ್ತಾಗುವವರೆಗೆ ನೆಟ್‌ವರ್ಕ್ ಮುಟ್ಟಬೇಡಿ. ನನ್ನ ಹತ್ತಿರ ಎರಡು ಬೋರ್ಡ್ ಇದ್ದವು, ಒಂದೊಂದಕ್ಕೆ ಕ್ಲಾಕ್ ಹುಟ್ಟಿಸುವ ಒಂದೊಂದು ಸಿಂಥಸೈಸರ್. ಎರಡಕ್ಕೂ ಒಂದೇ ಸಿಗ್ನಲ್ ಕೊಟ್ಟರೂ ನಡುವಿನ ಫೇಸ್, ಅಂದರೆ ಅಲೆಗಳ ಹಿಂದುಮುಂದಿನ ಅಂತರ, ಒಂದು ಕಡೆ ನಿಲ್ಲುತ್ತಿರಲಿಲ್ಲ, ಜಾರುತ್ತಲೇ ಇತ್ತು. ಕ್ಲಾಕ್ ಎಷ್ಟಿದೆ ಎಂದು ನೋಡಿದರೆ ಎರಡರಲ್ಲೂ 200 ಮೆಗಾಹರ್ಟ್ಸ್. ಮೂರು ದಿನ ಕೋಡ್‌ನಲ್ಲೇ ತಪ್ಪು ಹುಡುಕಿದೆ. ಯಾರಿಗೂ ಹೇಳಲಿಲ್ಲ.

ನಾಲ್ಕನೇ ದಿನ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಪಕ್ಕದಲ್ಲಿ ಬಂದು ನಿಂತರು. ‘ಎರಡು ಪಿಪಿಎಸ್ ನಡುವೆ ಎಷ್ಟು ಎಣಿಸುತ್ತದೆ?’ ಎಂದರು. ಪಿಪಿಎಸ್ ಅಂದರೆ ಸೆಕೆಂಡಿಗೊಂದು ಬರುವ ಪಲ್ಸ್, ಅಲ್ವಾ? ಕ್ಲಾಕ್ ರೆಫರೆನ್ಸ್‌ಗೆ, ಅಂದರೆ ಎರಡೂ ಬೋರ್ಡಿಗೆ ಹೊರಗಿನಿಂದ ಕೊಡುವ ಒಂದೇ ಸಿಗ್ನಲ್‌ಗೆ, ಲಾಕ್ ಆಗಿದ್ದರೆ ಪ್ರತಿ ಸಲವೂ ಕ್ಲಾಕ್ ಮಿಡಿತ 20 ಕೋಟಿ ಬರಬೇಕು, ಹೆಚ್ಚೆಂದರೆ ಒಂದು ಆಚೀಚೆ. ನನ್ನ ಒಂದು ಬೋರ್ಡ್‌ನಲ್ಲಿ ನಾನೂರು ಜಾಸ್ತಿ ಬರುತ್ತಿತ್ತು. 10 ಮೆಗಾಹರ್ಟ್ಸ್ ರೆಫರೆನ್ಸ್ ಕೇಬಲ್ಲಿನ ತುದಿಯ ಕನೆಕ್ಟರಿನ (ಎಸ್ಎಂಎ) ನಟ್ಟನ್ನು ನಾನು ಬೆರಳಲ್ಲೇ ತಿರುಗಿಸಿ ಬಿಟ್ಟಿದ್ದೆ. ನೋಡಲು ಬಿಗಿಯಾಗಿಯೇ ಇತ್ತು. ಒಳಗೆ ಸಂಪರ್ಕ ಇರಲಿಲ್ಲ, ಸಿಂಥಸೈಸರ್ ತನ್ನದೇ ಕ್ರಿಸ್ಟಲ್ ಮೇಲೆ ಓಡುತ್ತಿತ್ತು. ಅವರು ಸರಿಯಾದ ಬಿಗಿಗೆ ಬಂದಾಗ ಸದ್ದು ಮಾಡುವ ಟಾರ್ಕ್ ಸ್ಪ್ಯಾನರ್ ಹಾಕಿ ‘ಟಕ್’ ಅನ್ನಿಸಿದರು. ಎಣಿಕೆ ನೆಟ್ಟಗಾಯಿತು. ಬೋರ್ಡನ್ನು ಮತ್ತೆ ಪ್ರೋಗ್ರಾಮ್ ಮಾಡಿ ಪಿಪಿಎಸ್‌ಗೆ ಹೊಂದಿಸಿದ ಮೇಲೆ ಫೇಸ್ ಕೂಡ ನಿಂತಿತು.

ಇನ್ನು ನಿಮ್ಮ ಡೇಟಾ. ಪಿಂಗ್ ಪ್ಯಾಕೆಟ್ ಚಿಕ್ಕದು, ನಿಮ್ಮ ಡೇಟಾ ಪ್ಯಾಕೆಟ್ 8 ಸಾವಿರ ಬೈಟ್‌ನದು. ದಾರಿಯಲ್ಲಿ ಒಂದು ಸ್ವಿಚ್ ಪೋರ್ಟಿನ ಎಂಟಿಯು (ದಾಟಬಹುದಾದ ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1500 ಬೈಟ್‌ನಲ್ಲೇ ಉಳಿದಿದ್ದರೂ ಅದು ದೊಡ್ಡದನ್ನೆಲ್ಲ ಸುಮ್ನೆ ಬಿಸಾಡುತ್ತದೆ. ತಲುಪಿತೇ ಎಂದು ನೋಡದೆ ಕಳಿಸುವ ಯುಡಿಪಿ ವಿಧಾನ ಆದ್ದರಿಂದ ಯಾರೂ ಮತ್ತೆ ಕಳಿಸುವುದಿಲ್ಲ, ದೂರೂ ಬರುವುದಿಲ್ಲ. ಪಿಂಗನ್ನೇ 8 ಸಾವಿರ ಬೈಟ್‌ಗೆ ಏರಿಸಿ, ತುಂಡು ಮಾಡಬೇಡ ಎಂಬ ಗುರುತು ಹಾಕಿ ಕಳಿಸಿ ನೋಡಿ. ಅದು ದಾಟಿದರೆ ಬರುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಾಕಿ. ಅಲ್ಲಿ ಪ್ಯಾಕೆಟ್ ಕಂಡು, ಪ್ರೋಗ್ರಾಮಿಗೆ ಮಾತ್ರ ಸಿಗದಿದ್ದರೆ ಲಿನಕ್ಸ್‌ನ ಆರ್‌ಪಿ ಫಿಲ್ಟರ್ (ಕಳಿಸಿದವರ ವಿಳಾಸ ಸರಿಯಾದ ದಾರಿಯಲ್ಲಿ ಬಂತೇ ಎಂದು ನೋಡುವ ಜರಡಿ) ಅಥವಾ ಫೈರ್‌ವಾಲ್ ತಡೆಯುತ್ತಿರಬಹುದು.

ಬದುಕಿನ ಮಾತಿಗೆ ಬರುತ್ತೇನೆ. ‘ನೋಡ್ತೀನಿ ಸರ್’ ಎಂದು ಹೇಳಿ ಒಳಗೊಳಗೇ ಒದ್ದಾಡುವುದು ನಮಗೆ ಅಭ್ಯಾಸ. ನಾನು ಕೆಲಸ ಮಾಡಿದ ಕಡೆಯಲ್ಲೆಲ್ಲ, ಗೊತ್ತಿಲ್ಲ ಎಂದವರನ್ನು ಯಾರೂ ಕೀಳಾಗಿ ನೋಡಲಿಲ್ಲ. ಏನು ಅಳೆದೆ, ಎಷ್ಟು ಬಂತು ಎಂದು ಮಾತ್ರ ಕೇಳಿದರು. ಅಂಕಿ ಬರೆದುಕೊಂಡು ಹೋಗಿ ಕೇಳಿ. ದೂರದರ್ಶಕಗಳಿರುವ ಒಳನಾಡಿನ ಮರ್ಚಿಸನ್ ಸೈಟಿಗೆ ಹೋದಾಗ ಇದು ಇನ್ನೂ ಮುಖ್ಯ. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಮರೆತ ಸ್ಪ್ಯಾನರ್ ತರಲು ಪರ್ತ್‌ಗೆ ವಾಪಸ್ ಓಡುವ ಹಾಗಿಲ್ಲ. ಅಲ್ಲಿರುವ ಎಂಡಬ್ಲ್ಯುಎ (ಮರ್ಚಿಸನ್ ವೈಡ್‌ಫೀಲ್ಡ್ ಅರೇ) ರೇಡಿಯೊ ದೂರದರ್ಶಕದ ಮೊದಲ ಡಿಜಿಟಲ್ ರಿಸೀವರ್‌ಗಳಲ್ಲಿ ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರ ಕೆಲಸ ಇದೆ. ಅದನ್ನು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಮನೆಗೆ ದಿನಾ ಫೋನ್ ಮಾಡಿ. ನಾವು ಎರಡೂವರೆ ಗಂಟೆ ಮುಂದೆ, ಅಷ್ಟೇ. ಇಲ್ಲಿ ರಾತ್ರಿ ಎಂಟೂವರೆ ಆದಾಗ ಅಮ್ಮ ಸಂಜೆ ದೀಪ ಹಚ್ಚುತ್ತಿರುತ್ತಾರೆ.

ನಾಳೆ ಪಿಪಿಎಸ್ ಎಣಿಕೆ ಎಷ್ಟು ಬಂತು ಎಂದು ಬರೆಯಿರಿ, ಕಾಯುತ್ತಿರುತ್ತೇನೆ.