ಹೃದ್ರೋಗವಿರುವ ಬೆಕ್ಕಿಗೆ ಪೌಷ್ಟಿಕ ಪೂರಕ: ಯಾವುದು ಬೇಕು, ಯಾವುದು ಬೇಡ, ಕೊಡುವುದು ಹೇಗೆ?

ಪ್ರಶ್ನೆ: ನಮ್ಮ ಹೆಣ್ಣು ಬೆಕ್ಕಿಗೆ ಏಳು ವರ್ಷ, ತೂಕ 4 ಕೆ.ಜಿ. ಹೃದಯದ ಸ್ನಾಯು ದಪ್ಪಗಾಗುವ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಇದೆಯೆಂದು ಎಕೋ ಪರೀಕ್ಷೆಯಲ್ಲಿ ಗೊತ್ತಾಯಿತು. ಒಮ್ಮೆ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತ್ತು. ಈಗ ಮೈಯಲ್ಲಿನ ಹೆಚ್ಚಿನ ನೀರನ್ನು ಮೂತ್ರದ ಮೂಲಕ ಹೊರಹಾಕುವ ಫ್ಯೂರೋಸಿಮೈಡ್ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ಮಾತ್ರೆಗಳು ನಡೆಯುತ್ತಿವೆ. ಬೆಕ್ಕುಗಳಿಗೆಂದೇ ತಯಾರಾದ ಸಿದ್ಧ ಆಹಾರವನ್ನು ತಿನ್ನುತ್ತದೆ. ಹೃದಯಕ್ಕೆ ಒಳ್ಳೆಯದೆಂದು ಪರಿಚಯದವರು ಹೇಳಿದ್ದರಿಂದ ಟಾರೀನ್ ಎಂಬ ಅಮೈನೋ ಆಮ್ಲದ ಪುಡಿ, ಮೀನೆಣ್ಣೆಯ ಕ್ಯಾಪ್ಸೂಲ್ ಮತ್ತು ಮನುಷ್ಯರು ತೆಗೆದುಕೊಳ್ಳುವ ಒಂದು ಆಂಟಿಆಕ್ಸಿಡೆಂಟ್ ಮಾತ್ರೆಯನ್ನು ತಂದಿಟ್ಟಿದ್ದೇವೆ. ಟಾರೀನನ್ನು ಊಟಕ್ಕೆ ಬೆರೆಸಿದರೆ ಬೆಕ್ಕು ತಟ್ಟೆ ಮೂಸಿ ಎದ್ದು ಹೋಗುತ್ತದೆ. ಸಿರಿಂಜ್‌ನಲ್ಲಿ ಬಾಯಿಗೆ ಹಾಕಬಹುದೇ? ಮೂರನ್ನೂ ಒಟ್ಟಿಗೆ ಆರಂಭಿಸಬಹುದೇ?

ಉತ್ತರ: ಆ ಆಂಟಿಆಕ್ಸಿಡೆಂಟ್ ಮಾತ್ರೆಯನ್ನು ದಯವಿಟ್ಟು ಕೊಡಬೇಡಿ. ಮನುಷ್ಯರಿಗಾಗಿ ತಯಾರಾಗುವ ಇಂತಹ ಮಿಶ್ರಣಗಳಲ್ಲಿ ಆಲ್ಫಾ ಲಿಪೋಯಿಕ್ ಆಮ್ಲ ಇರುವುದು ಅಪರೂಪವಲ್ಲ. ನಾಯಿ ತಡೆದುಕೊಳ್ಳುವ ಪ್ರಮಾಣವನ್ನು ಬೆಕ್ಕು ತಡೆದುಕೊಳ್ಳುವುದಿಲ್ಲ. ದೇಹತೂಕದ ಪ್ರತಿ ಕೆ.ಜಿ.ಗೆ ಸುಮಾರು 30 ಮಿ.ಗ್ರಾಂ ಒಳಗೆ ಹೋದರೂ ಯಕೃತ್ತಿಗೆ ಮತ್ತು ನರಮಂಡಲಕ್ಕೆ ಪೆಟ್ಟು ಬೀಳುತ್ತದೆ. ನಿಮ್ಮ ಬೆಕ್ಕಿನ ತೂಕಕ್ಕೆ ಅದು 120 ಮಿ.ಗ್ರಾಂ ಆಗುತ್ತದೆ, ಮನುಷ್ಯರ ಒಂದೇ ಮಾತ್ರೆಯಲ್ಲಿ ಅದಕ್ಕಿಂತ ಹೆಚ್ಚು ಇರಬಹುದು. ಈಗಾಗಲೇ ಕೊಟ್ಟಿದ್ದರೆ, ಲಕ್ಷಣಗಳು ಕಾಣಿಸಲಿ ಎಂದು ಕಾಯದೆ, ಮಾತ್ರೆಯ ಡಬ್ಬಿಯನ್ನೂ ಹಿಡಿದುಕೊಂಡು ಪಶುವೈದ್ಯರ ಬಳಿಗೆ ಹೋಗಿ.

ಇನ್ನುಳಿದ ಎರಡರ ವಿಷಯ. ಹೃದಯಕ್ಕೆ ಒಳ್ಳೆಯದು ಎಂಬ ಮಾತಿಗೆ ವೈದ್ಯಕೀಯದಲ್ಲಿ ಅರ್ಥ ಬರುವುದು ಯಾವ ಹೃದ್ರೋಗ, ಯಾವ ಆಹಾರ, ಯಾವ ಔಷಧ ಎಂಬ ಮೂರು ವಿವರಗಳು ಜೊತೆಗಿದ್ದಾಗ ಮಾತ್ರ. ಟಾರೀನ್ ಇದಕ್ಕೆ ಒಳ್ಳೆಯ ಉದಾಹರಣೆ. ಬೆಕ್ಕಿನ ದೇಹ ತನಗೆ ಬೇಕಾದಷ್ಟು ಟಾರೀನನ್ನು ತಯಾರಿಸಿಕೊಳ್ಳಲಾರದು. ಪಿತ್ತರಸದ ಮೂಲಕ ಪ್ರತಿದಿನ ಒಂದಿಷ್ಟನ್ನು ಕಳೆದುಕೊಳ್ಳುತ್ತಲೂ ಇರುತ್ತದೆ. ಆದ್ದರಿಂದ ಮಾಂಸದಿಂದ ಅಥವಾ ಸಿದ್ಧ ಆಹಾರದಿಂದ ಅದು ನಿತ್ಯವೂ ಒದಗಬೇಕು. ಹೃದಯದ ಕೋಣೆಗಳು ಹಿಗ್ಗಿ ಸ್ನಾಯು ಸೊರಗುವ ಡೈಲೇಟೆಡ್ ಕಾರ್ಡಿಯೋಮಯೋಪತಿಗೆ ಟಾರೀನ್ ಕೊರತೆಯೇ ಕಾರಣವಾಗಬಲ್ಲದು, ಕೊರತೆ ನೀಗಿಸಿದರೆ ಹೃದಯ ಚೇತರಿಸಿಕೊಳ್ಳುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಾಲ್ ಪಿಯಾನ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ತೋರಿಸಿದರು. ಆ ಬಳಿಕ ಸಿದ್ಧ ಆಹಾರಗಳಲ್ಲಿ ಟಾರೀನ್ ಪ್ರಮಾಣವನ್ನು ಹೆಚ್ಚಿಸಲಾಯಿತು, ಒಂದು ಕಾಲದಲ್ಲಿ ಸಾಮಾನ್ಯವಾಗಿದ್ದ ಆ ಕಾಯಿಲೆ ವಿರಳವಾಯಿತು. ಪಶುವೈದ್ಯಕೀಯದ ಇತಿಹಾಸದಲ್ಲಿ ಇಷ್ಟು ಸಂತೋಷ ಕೊಡುವ ಅಧ್ಯಾಯಗಳು ಹೆಚ್ಚಿಲ್ಲ.

ಆದರೆ ನಿಮ್ಮ ಬೆಕ್ಕಿಗಿರುವುದು ಆ ಕಾಯಿಲೆಯಲ್ಲ. ಸ್ನಾಯು ದಪ್ಪಗಾಗುವ ಕಾಯಿಲೆ ಟಾರೀನ್ ಕೊರತೆಯಿಂದ ಬರುವಂಥದ್ದಲ್ಲ. ಮೇನ್ ಕೂನ್, ರ‍್ಯಾಗ್‌ಡಾಲ್ ಮುಂತಾದ ತಳಿಗಳಲ್ಲಿ ಅದಕ್ಕೆ ಕಾರಣವಾಗುವ ವಂಶವಾಹಿ ದೋಷಗಳೇ ಪತ್ತೆಯಾಗಿವೆ. ಬೆಕ್ಕಿಗೆಂದೇ ರೂಪಿಸಿದ ಪರಿಪೂರ್ಣ ಆಹಾರವನ್ನು ಅದು ಹೊಟ್ಟೆ ತುಂಬ ತಿನ್ನುತ್ತಿದ್ದರೆ ಮೇಲಿನಿಂದ ಟಾರೀನ್ ಸೇರಿಸುವುದರಿಂದ ಸ್ನಾಯುವಿನ ದಪ್ಪ ಇಳಿಯುವುದಿಲ್ಲ. ಹೆಚ್ಚಾದದ್ದು ಮೂತ್ರದಲ್ಲಿ ಹೊರಹೋಗುವುದರಿಂದ ಟಾರೀನ್ ತಾನಾಗಿ ಅಪಾಯಕಾರಿ ವಸ್ತುವಲ್ಲ, ನಿಜ. ಆದರೆ ಅದನ್ನು ಬೆರೆಸಿದ ಕಾರಣಕ್ಕೆ ನಿಮ್ಮ ಬೆಕ್ಕು ಊಟ ಬಿಡುತ್ತಿದೆ, ಅಪಾಯ ಇರುವುದು ಅಲ್ಲಿ. ಕೆಲವೇ ದಿನ ಉಪವಾಸವಿದ್ದರೂ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಕುತ್ತು ಬರಬಹುದು. ಹೃದ್ರೋಗದಲ್ಲಿ ಮೊದಲೇ ಮೈಯ ಸ್ನಾಯುಗಳು ಕರಗುತ್ತಿರುತ್ತವೆ. ಹಾಗಾಗಿ ಟಾರೀನನ್ನು ಸದ್ಯಕ್ಕೆ ನಿಲ್ಲಿಸಿ. ಮನೆಯಲ್ಲಿ ಬೇಯಿಸಿದ ಮಾಂಸವನ್ನಷ್ಟೇ ತಿನ್ನುವ, ಸಸ್ಯಾಹಾರದಲ್ಲಿ ಬೆಳೆದ ಅಥವಾ ನಾಯಿಯ ಆಹಾರವನ್ನು ಹಂಚಿಕೊಳ್ಳುವ ಬೆಕ್ಕಿನ ಮಾತು ಬೇರೆ. ಮಾಂಸ ಬೇಯಿಸಿದ ನೀರನ್ನು ಚೆಲ್ಲಿದರೆ ಟಾರೀನ್‌ನ ಒಂದು ಪಾಲು ಅದರೊಂದಿಗೇ ಹೋಗುತ್ತದೆ. ಅಂತಹ ಬೆಕ್ಕಿನ ರಕ್ತದ ಟಾರೀನ್ ಮಟ್ಟವನ್ನು ಪೂರಕ ಆರಂಭಿಸುವ ಮೊದಲೇ ಪರೀಕ್ಷಿಸಬೇಕು, ಆಮೇಲೆ ಪರೀಕ್ಷಿಸಿದರೆ ಕೊರತೆ ಇತ್ತೋ ಇಲ್ಲವೋ ತಿಳಿಯುವುದಿಲ್ಲ. ಕೊರತೆ ಕಂಡರೆ ವೈದ್ಯರು ಸಾಮಾನ್ಯವಾಗಿ 250 ಮಿ.ಗ್ರಾಂನಂತೆ ದಿನಕ್ಕೆ ಎರಡು ಸಲ ಬರೆದುಕೊಡುತ್ತಾರೆ.

ಮೀನೆಣ್ಣೆಗೆ ನಿಮ್ಮ ಬೆಕ್ಕಿನ ವಿಷಯದಲ್ಲಿ ಹೆಚ್ಚು ಆಧಾರವಿದೆ. ಅದರಲ್ಲಿರುವ ಇಪಿಎ ಮತ್ತು ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲಗಳು ಉರಿಯೂತವನ್ನು ತಗ್ಗಿಸಿ ಹಸಿವಿಗೆ ಮತ್ತು ಸ್ನಾಯು ಉಳಿಸಿಕೊಳ್ಳುವುದಕ್ಕೆ ನೆರವಾಗಬಹುದೆಂಬ ಕಾರಣಕ್ಕೆ, ಹೃದಯ ಸೋತು ಮೈ ಇಳಿಯುತ್ತಿರುವ ಪ್ರಾಣಿಗಳಿಗೆ ಪೌಷ್ಟಿಕತಜ್ಞರು ಅದನ್ನು ಸೂಚಿಸುತ್ತಾರೆ. ಪ್ರತಿ ಕೆ.ಜಿ. ತೂಕಕ್ಕೆ ದಿನವೊಂದಕ್ಕೆ 40 ಮಿ.ಗ್ರಾಂ ಇಪಿಎ ಹಾಗೂ 25 ಮಿ.ಗ್ರಾಂ ಡಿಎಚ್‌ಎ ಎಂಬುದು ಬಳಕೆಯಲ್ಲಿರುವ ಪ್ರಮಾಣ, ನಾಲ್ಕು ಕೆ.ಜಿ.ಗೆ ಕ್ರಮವಾಗಿ 160 ಮತ್ತು 100 ಮಿ.ಗ್ರಾಂ. ಡಬ್ಬಿಯ ಮುಂಭಾಗದಲ್ಲಿ ದಪ್ಪಕ್ಷರದಲ್ಲಿರುವ 1,000 ಮಿ.ಗ್ರಾಂ ಎಂಬ ಸಂಖ್ಯೆ ಒಟ್ಟು ಎಣ್ಣೆಯದ್ದು. ನಿಮಗೆ ಬೇಕಾದ ಸಂಖ್ಯೆಗಳು ಹಿಂಭಾಗದ ಸಣ್ಣ ಅಕ್ಷರಗಳಲ್ಲಿರುತ್ತವೆ: ಸಾಧಾರಣ ಕ್ಯಾಪ್ಸೂಲಿನಲ್ಲಿ 180 ಮಿ.ಗ್ರಾಂ ಇಪಿಎ, 120 ಮಿ.ಗ್ರಾಂ ಡಿಎಚ್‌ಎ ಇದ್ದರೆ, ಸಾಂದ್ರಗೊಳಿಸಿದ್ದರಲ್ಲಿ ಅದರ ಎರಡು ಮೂರು ಪಟ್ಟು ಇರಬಹುದು. ಒಂದು ಕ್ಯಾಪ್ಸೂಲ್ ಎಂದು ಯಾರಾದರೂ ಹೇಳಿದರೆ ಯಾವ ಕ್ಯಾಪ್ಸೂಲ್ ಎಂದು ಕೇಳಲೇಬೇಕು.

ಕಾಡ್ ಲಿವರ್ ಎಣ್ಣೆಯನ್ನು ಮೀನೆಣ್ಣೆಯೆಂದು ಭಾವಿಸಿ ಕೊಡಬೇಡಿ. ಅದರಲ್ಲಿರುವ ಎ ಮತ್ತು ಡಿ ಜೀವಸತ್ವಗಳು ಬೆಕ್ಕಿನ ದೇಹದಲ್ಲಿ ಶೇಖರವಾಗಿ ವಿಷವಾಗುತ್ತವೆ. ಅಗಸೆ ಎಣ್ಣೆಯೂ ಮೀನೆಣ್ಣೆಗೆ ಬದಲಿಯಲ್ಲ, ಏಕೆಂದರೆ ಅದರ ಒಮೆಗಾ-3ಯನ್ನು ಇಪಿಎ ಆಗಿ ಮಾರ್ಪಡಿಸುವ ಶಕ್ತಿ ಬೆಕ್ಕಿಗೆ ಬಹಳ ಕಡಿಮೆ. ನಿಮ್ಮ ಬೆಕ್ಕಿಗೆ ಕ್ಲೊಪಿಡೊಗ್ರೆಲ್ ನಡೆಯುತ್ತಿರುವುದರಿಂದ ಇನ್ನೊಂದು ಎಚ್ಚರಿಕೆಯೂ ಬೇಕು. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನು ಆ ಮಾತ್ರೆ ತಡೆಯುತ್ತದೆ, ಮೀನೆಣ್ಣೆಯೂ ಸ್ವಲ್ಪ ಮಟ್ಟಿಗೆ ಅದನ್ನೇ ಮಾಡಬಲ್ಲದು. ಎರಡನ್ನೂ ಒಟ್ಟಿಗೆ ಕೊಡಲೇಬಾರದು ಎಂದಲ್ಲ, ವೈದ್ಯರಿಗೆ ತಿಳಿಸದೆ ಕೊಡಬಾರದು. ವಸಡಿನಲ್ಲಿ ರಕ್ತ, ಕಿವಿಯ ಒಳಭಾಗದಲ್ಲಿ ಅಥವಾ ಹೊಟ್ಟೆಯ ಚರ್ಮದಲ್ಲಿ ಕೆನ್ನೀಲಿ ಕಲೆ, ಡಾಂಬರಿನಂತೆ ಕಪ್ಪಾದ ಮಲ ಕಂಡರೆ ಎಣ್ಣೆಯನ್ನು ನಿಲ್ಲಿಸಿ ಕೂಡಲೇ ವೈದ್ಯರಿಗೆ ತಿಳಿಸಿ. ಹಲ್ಲು ಕೀಳಿಸುವುದು ಸೇರಿದಂತೆ ಯಾವುದೇ ಶಸ್ತ್ರಚಿಕಿತ್ಸೆ ನಿಗದಿಯಾದರೂ ಎಣ್ಣೆಯ ವಿಷಯವನ್ನು ಮುಂಚಿತವಾಗಿ ಹೇಳಿ.

ನೀವು ಕೇಳದಿದ್ದರೂ ಪೊಟ್ಯಾಸಿಯಂ ಬಗ್ಗೆ ಹೇಳಬೇಕು. ಫ್ಯೂರೋಸಿಮೈಡ್ ಮೂತ್ರದೊಂದಿಗೆ ಪೊಟ್ಯಾಸಿಯಂ ಅನ್ನೂ ಹೊರಹಾಕುತ್ತದೆ ಎಂದು ಓದಿದವರು ಅದನ್ನು ತುಂಬಿಕೊಡಲು ಮುಂದಾಗುತ್ತಾರೆ. ಆದರೆ ಮುಂದೆ ಬೆನಜೆಪ್ರಿಲ್ ಅಥವಾ ಸ್ಪೈರೊನೊಲ್ಯಾಕ್ಟೋನ್ ಎಂಬ ಹೃದ್ರೋಗದ ಔಷಧ ಸೇರಿದರೆ, ಇಲ್ಲವೇ ಮೂತ್ರಪಿಂಡ ದುರ್ಬಲವಾದರೆ, ಅದೇ ಪೊಟ್ಯಾಸಿಯಂ ಏರಬಹುದು, ಏರಿದ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ರಕ್ತಪರೀಕ್ಷೆಯ ಸಂಖ್ಯೆ ಕೈಯಲ್ಲಿಲ್ಲದೆ ಅದನ್ನು ಮುಟ್ಟಬಾರದು. ಕೋಎನ್‌ಜೈಮ್ ಕ್ಯೂ10 ಮತ್ತು ಎಲ್-ಕಾರ್ನಿಟೀನ್‌ಗಳಿಂದ ಈ ಕಾಯಿಲೆಯ ಬೆಕ್ಕುಗಳಿಗೆ ಲಾಭವಿದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ದಿನಕ್ಕೆ ಇನ್ನೊಂದು ಸಲ ಬೆಕ್ಕನ್ನು ಹಿಡಿದು ಬಾಯಿ ತೆರೆಸುವ ಕಷ್ಟಕ್ಕೆ ಅವು ತಕ್ಕವಲ್ಲ ಎಂಬುದು ನನ್ನ ಅಭಿಪ್ರಾಯ. ಬೆಳ್ಳುಳ್ಳಿ ಇರುವ ಯಾವುದೂ ಬೇಡ, ಅದು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಜ್ಯೇಷ್ಠಮಧು ದೇಹದಲ್ಲಿ ಉಪ್ಪನ್ನು ಹಿಡಿದಿಟ್ಟು ಪೊಟ್ಯಾಸಿಯಂ ಅನ್ನು ಹೊರದೂಡುತ್ತದೆ, ಅಂದರೆ ಫ್ಯೂರೋಸಿಮೈಡ್ ಮಾಡುತ್ತಿರುವ ಒಳ್ಳೆಯ ಕೆಲಸಕ್ಕೆ ಅಡ್ಡಬಂದು ಅದರ ಅಡ್ಡಪರಿಣಾಮವನ್ನು ಹೆಚ್ಚಿಸುತ್ತದೆ.

ಸಿರಿಂಜ್‌ನಲ್ಲಿ ಎಣ್ಣೆ ಹಾಕುವುದು ಬೇಡ. ಒದ್ದಾಡುವ ಬೆಕ್ಕಿನ ಗಂಟಲಲ್ಲಿ ಎಣ್ಣೆ ಕೆಮ್ಮನ್ನು ಅಷ್ಟಾಗಿ ಕೆರಳಿಸದೆ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ತರಬಹುದು, ನೀರು ತುಂಬಿ ಬಳಲಿದ ಶ್ವಾಸಕೋಶ ಅದನ್ನು ತಾಳಲಾರದು. ಕ್ಯಾಪ್ಸೂಲನ್ನು ಸೂಜಿಯಿಂದ ಚುಚ್ಚಿ, ಒಂದು ಚಮಚದಷ್ಟು ಆಹಾರವನ್ನು ಬೇರೆಯೇ ಬಟ್ಟಲಿಗೆ ಹಾಕಿ, ಅದರ ಮೇಲೆ ಎರಡು ಹನಿ ಬಿಡಿ. ಮುಖ್ಯ ಊಟದ ತಟ್ಟೆ ಇದರಿಂದ ದೂರವಿರಲಿ, ಏಕೆಂದರೆ ಬೆಕ್ಕು ಒಮ್ಮೆ ಒಂದು ವಾಸನೆಯನ್ನು ಹೊಟ್ಟೆ ತೊಳಸಿದ ಅನುಭವದೊಂದಿಗೆ ನೆನಪಿಟ್ಟುಕೊಂಡರೆ ಆ ಆಹಾರವನ್ನೇ ಬಿಟ್ಟುಬಿಡುತ್ತದೆ. ಎರಡು ಹನಿ ಒಗ್ಗಿದ ಮೇಲೆ ಎರಡು ವಾರಗಳಲ್ಲಿ ನಿಧಾನವಾಗಿ ಪೂರ್ಣ ಪ್ರಮಾಣಕ್ಕೆ ಬನ್ನಿ. ಮಲ ತೆಳುವಾದರೆ ಹಿಂದಿನ ಪ್ರಮಾಣಕ್ಕೆ ಇಳಿಯಿರಿ. ಕಮಟು ವಾಸನೆ ಬಂದ ಎಣ್ಣೆಯನ್ನು ಎಸೆಯಿರಿ. ಕ್ಲೊಪಿಡೊಗ್ರೆಲ್ ಬಹಳ ಕಹಿ. ಅದನ್ನು ಖಾಲಿ ಜೆಲಾಟಿನ್ ಕ್ಯಾಪ್ಸೂಲಿನೊಳಗಿಟ್ಟು, ನಾಲಿಗೆಯ ಬುಡಕ್ಕೆ ಇಳಿಸಿ, ಹಿಂದೆಯೇ 5 ಮಿ.ಲೀ.ನಷ್ಟು ನೀರನ್ನು ಕೆನ್ನೆಯ ಒಳಬದಿಯಿಂದ ಸ್ವಲ್ಪಸ್ವಲ್ಪವಾಗಿ ಕುಡಿಸಿ, ಇಲ್ಲವಾದರೆ ಒಣ ಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡಬಹುದು. ಮಾತ್ರೆ ಬಚ್ಚಿಡಲು ಚೀಸ್ ಅಥವಾ ಉಪ್ಪು ಹಾಕಿ ಸಂಸ್ಕರಿಸಿದ ಮಾಂಸವನ್ನು ಬಳಸಬೇಡಿ.

ಬೆಕ್ಕು ಹಿಡಿತಕ್ಕೆ ಸಿಗದೆ ಏದುಸಿರು ಬಿಡತೊಡಗಿದರೆ ಅಲ್ಲಿಗೇ ಬಿಟ್ಟುಬಿಡಿ. ಪೂರಕ ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ. ಔಷಧ ತಪ್ಪಿದರೆ ಮುಂದಿನ ಸಲ ಎರಡರಷ್ಟು ಕೊಡದೆ ವೈದ್ಯರನ್ನು ಕೇಳಿ.

ಮೀನೆಣ್ಣೆ ಆರಂಭಿಸುವ ವಾರದಿಂದ ಬೆಕ್ಕು ಗಾಢವಾಗಿ ಮಲಗಿರುವಾಗ ಎದೆಯ ಏರಿಳಿತವನ್ನು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ ಬರೆದಿಡಿ. ಒಮ್ಮೆ ಏರಿ ಇಳಿದರೆ ಒಂದು ಉಸಿರು. ವಾರಕ್ಕೊಮ್ಮೆ ತೂಕವನ್ನೂ ನೋಡಿ. ನಿದ್ದೆಯಲ್ಲಿನ ಉಸಿರು ನಿಮಿಷಕ್ಕೆ 30ಕ್ಕಿಂತ ಕಡಿಮೆ ಇರಬೇಕು. ಮತ್ತೆ ಮತ್ತೆ ಅದನ್ನು ದಾಟುತ್ತಿದ್ದರೆ ಅದೇ ದಿನ ಫೋನ್ ಮಾಡಿ, ಏಕೆಂದರೆ ಅದಕ್ಕೆ ಬೇಕಾಗುವುದು ಫ್ಯೂರೋಸಿಮೈಡ್‌ನ ಹೊಂದಾಣಿಕೆಯೇ ಹೊರತು ಪೂರಕವಲ್ಲ. ಬಾಯಿ ತೆರೆದು ಉಸಿರಾಡಿದರೆ ಅದು ತುರ್ತು ಸ್ಥಿತಿ. ಹಿಂಗಾಲುಗಳು ಇದ್ದಕ್ಕಿದ್ದಂತೆ ಬಲಗುಂದಿ ಪಾದಗಳು ತಣ್ಣಗಾಗಿ ಬೆಕ್ಕು ನೋವಿನಿಂದ ಕಿರುಚಿದರೆ, ಹೆಪ್ಪುಗಟ್ಟಿದ ರಕ್ತ ಅಪಧಮನಿಯಲ್ಲಿ ಸಿಕ್ಕಿಕೊಂಡಿರುವ ಸಂಭವವಿದೆ. ಇವೆರಡರಲ್ಲಿ ಯಾವುದು ಕಂಡರೂ ಕಾಲು ತಿಕ್ಕುತ್ತಾ, ಬಾಯಿಗೆ ಏನನ್ನೋ ಹಾಕುತ್ತಾ ಹೊತ್ತು ಕಳೆಯದೆ, ರಾತ್ರಿಯಾಗಿದ್ದರೂ ನೇರವಾಗಿ ಆಸ್ಪತ್ರೆಗೆ ಒಯ್ಯಿರಿ.