ವಾಹನ ಪ್ರಶ್ನೋತ್ತರ: ಇಸಿಯು ನಿಜಕ್ಕೂ ಹೋಗಿದೆಯೇ?

ಪ್ರಶ್ನೆ: ಎಂಟು ವರ್ಷದ ಪೆಟ್ರೋಲ್ ಕಾರು. ಮಳೆ ಹಿಡಿದಾಗ ಒಮ್ಮೊಮ್ಮೆ ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಆಗ ದೋಷ ಓದುವ ಸ್ಕ್ಯಾನರ್‌ಗೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸಿಗುವುದೇ ಇಲ್ಲ. ಗ್ಯಾರೇಜಿನವರು ಇಸಿಯು ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಲೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಈಗಲೇ ಬೇಡ. ಮಳೆಗೆ ಬಂದು ಬಿಸಿಲಿಗೆ ಹೋಗುವ ದೋಷವಾದರೆ ಮೊದಲ ಅನುಮಾನ ಕನೆಕ್ಟರ್ ಮತ್ತು ಅರ್ಥಿಂಗ್ ಮೇಲೆ. ಕಾರು ಹಟ ಹಿಡಿದು ನಿಂತಾಗಲೇ ಪರೀಕ್ಷೆ ಮಾಡಿಸಿ. ಸರಿಯಿರುವಾಗ ಹುಡುಕಿದರೆ ಏನೂ ಸಿಗದು.

ಕೀ ಆನ್ ಮಾಡಿ, ಥ್ರಾಟಲ್ ಬಾಡಿಯ (ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ಕನೆಕ್ಟರ್ ಬಿಚ್ಚಿ, ಅದರ ಸೆನ್ಸರ್ ತಂತಿಯಲ್ಲಿ 5 ವೋಲ್ಟ್ ಇದೆಯೇ ನೋಡಿ. ಇದ್ದರೆ ಇಸಿಯುಗೆ ವಿದ್ಯುತ್ ಸಿಗುತ್ತಿದೆ ಎಂದಾಯಿತು, ಇಸಿಯು ಮತ್ತು ಸ್ಕ್ಯಾನರ್ ಮಾತಾಡುವ ಸಂಪರ್ಕದ ತಂತಿಗಳನ್ನು ನೋಡಬೇಕು. ಬ್ಯಾಟರಿಯ ನೆಗೆಟಿವ್ ತೆಗೆದು, ಸ್ಕ್ಯಾನರ್ ಹಾಕುವ 16 ಪಿನ್ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಅಳೆದರೆ ಸಾಮಾನ್ಯವಾಗಿ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿ ಒಂದಕ್ಕೊಂದು ತಾಗಿವೆ.

5 ವೋಲ್ಟ್ ಇಲ್ಲವೇ? ಸೆನ್ಸರ್‌ಗಳ ಕನೆಕ್ಟರನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಯಾವುದನ್ನು ತೆಗೆದಾಗ 5 ವೋಲ್ಟ್ ಮರಳುತ್ತದೋ ಅದೇ ಶಾರ್ಟ್ ಆದ ಸೆನ್ಸರ್. ಯಾವುದಕ್ಕೂ ಮರಳದಿದ್ದರೆ ಫ್ಯೂಸ್, ಮೇನ್ ರಿಲೇ (ಇಸಿಯುಗೆ ವಿದ್ಯುತ್ ಹಾಯಿಸುವ ಸ್ವಿಚ್), ಅರ್ಥಿಂಗ್ ನೋಡಿ. ಮಲ್ಟಿಮೀಟರ್ ನಂಬಿ ಮೋಸ ಹೋಗುವುದು ಇಲ್ಲೇ: ಒಂದೇ ಎಳೆ ಉಳಿದ ತಂತಿಯೂ 12 ವೋಲ್ಟ್ ತೋರಿಸುತ್ತದೆ. ಇಸಿಯು ಕಳಚಿ, ಅದರ ಪವರ್ ಮತ್ತು ಅರ್ಥ್ ತಂತಿಗಳಿಗೆ 21 ವಾಟ್ ಇಂಡಿಕೇಟರ್ ಬಲ್ಬ್ ಕೊಟ್ಟು ನೋಡಿ. ಮಂಕಾಗಿ ಉರಿದರೆ ಕಳ್ಳ ಸಿಕ್ಕಿದ. ಸೆನ್ಸರ್ ತಂತಿಗಳಿಗೆ ಮಾತ್ರ ಬಲ್ಬ್ ಹಚ್ಚಬೇಡಿ. ದಪ್ಪ ಪ್ರೋಬನ್ನು ಕನೆಕ್ಟರಿನೊಳಗೆ ತುರುಕಿದರೆ ಪಿನ್ ಅಗಲವಾಗಿ ಹೊಸ ದೋಷ ಹುಟ್ಟುತ್ತದೆ. ಪಿನ್ನಿನಲ್ಲಿ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮಾಡಿ ಒಣಗಿಸಿ, ಉಪ್ಪುಕಾಗದ ತಾಗಿಸಬೇಡಿ. ಇಲಿ ಕಡಿದ ಗುರುತನ್ನೂ ಹುಡುಕಿ.

ಇಷ್ಟೆಲ್ಲ ಸರಿಯಿದ್ದೂ ಇಸಿಯು ಮಾತಾಡದಿದ್ದರೆ ಮಾತ್ರ ಅದನ್ನು ರಿಪೇರಿಗೆ ಕಳಿಸಿ. ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿಗೆ ಸೆಕೆಂಡ್ ಹ್ಯಾಂಡ್ ಇಸಿಯು ತಂದು ಕೂರಿಸಿದರೆ, ಕೀ ಜತೆ ಕೋಡಿಂಗ್ ಮಾಡದೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.

ಪ್ರಶ್ನೆ: ಬ್ಯಾಟರಿ ಟರ್ಮಿನಲ್ ತೆಗೆದು ಹಾಕಿದರೆ ಚೆಕ್ ಎಂಜಿನ್ ದೀಪ ಆರುತ್ತದೆ. ಅಷ್ಟು ಸಾಲದೇ?
– ಓದುಗರು, ಗದಗ

ಉತ್ತರ: ಕೆಲವು ಕಾರುಗಳಲ್ಲಿ ದೀಪ ಆರುತ್ತದೆ, ದೋಷ ಹೋಗುವುದಿಲ್ಲ. ಜತೆಗೆ ದೋಷ ಬಂದ ಗಳಿಗೆಯ ವೇಗ, ಆರ್‌ಪಿಎಂ, ಎಂಜಿನ್ ಶಾಖದ ದಾಖಲೆಯೂ ಅಳಿಸಿಹೋಗುತ್ತದೆ. ಮೆಕ್ಯಾನಿಕ್‌ಗೆ ಬೇಕಾದ್ದು ಅದೇ. ಸ್ಕ್ಯಾನರ್ ತೋರಿಸುವ ದೋಷದ ಕೋಡ್ ಬರೆದಿಟ್ಟುಕೊಂಡ ಮೇಲೆ ಸ್ಕ್ಯಾನರಿನಿಂದಲೇ ಅಳಿಸಿ. ಎಂಜಿನ್ ಓಡುತ್ತಿರುವಾಗಲಂತೂ ಟರ್ಮಿನಲ್ ತೆಗೆಯಲೇಬೇಡಿ: ಆಲ್ಟರ್ನೇಟರ್ ವೋಲ್ಟೇಜ್ ಒಮ್ಮೆಲೇ ಏರಿ, ಚೆನ್ನಾಗಿದ್ದ ಇಸಿಯು ಕೂಡ ಸುಡಬಹುದು.